ಪಟ್ಟಿಯಲ್ಲಿ ಇಲ್ಲ ಅಂದ್ರೆ ಇಲ್ಲವೇ ಇಲ್ಲ ಅಂತಲ್ಲ

ಹೋದ ಸಲ ಬಳ್ಳಾರಿಗೆ ಹೋದಾಗ ಕೌಲ್ ಬಜಾರಿನಲ್ಲಿರೋ ದೊಡ್ಡಪ್ಪನ ಮಗ ಒಂದು ದಪ್ಪ ಫೈಲು, ಒಂದು ಹಾಳೆ ತಂದು ಮುಂದಿಟ್ಟ. ಫೈಲು ಅತ್ತಿಗೆಯದು, ಏಳು ವರ್ಷದ ಟೆಸ್ಟುಗಳು. ಹಾಳೆ ಅವನದು: ವೀರ್ಯಾಣುಗಳ ಸಂಖ್ಯೆ, ಚಲನೆ, ಆಕಾರ. ಕೆಳಗೆ ‘ನಾರ್ಮಲ್’. "ಎಲ್ಲಾ ನಾರ್ಮಲ್ ಅಂದ್ರ ಕೂಸು ಯಾಕ ಆಗವಲ್ದು ತಮ್ಮಾ?" ಅಂದ.

ಆ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ ಎರಡು ಸಂಶೋಧನಾ ಪ್ರಬಂಧ ಓದಿದೆ.

ಮೊದಲನೆಯದರಲ್ಲಿ ನಮ್ಮ ಬೆಂಗಳೂರಿನ ಪಾಲಿದೆ. ಇಲ್ಲಿನ ಇನ್‌ಸ್ಟಿಟ್ಯೂಟ್ ಆಫ್ ಬಯೋಇನ್ಫರ್ಮ್ಯಾಟಿಕ್ಸ್ ಮತ್ತು ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನವರು, ಅಖಿಲೇಶ್ ಪಾಂಡೆ ನೇತೃತ್ವದಲ್ಲಿ, 2014ರಲ್ಲಿ ‘ನೇಚರ್’ನಲ್ಲಿ ಪ್ರಕಟಿಸಿದ ಮಾನವ ಪ್ರೋಟೀನ್ ನಕ್ಷೆ ಅದು. 30 ಬಗೆಯ ಅಂಗಾಂಶ, ಜೀವಕೋಶಗಳ ಪ್ರೋಟೀನುಗಳನ್ನು ತುಂಡು ಮಾಡಿ, ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಆ ತುಂಡುಗಳ ತೂಕ ನೋಡಿ, 17,294 ಜೀನ್‌ಗಳ ಪ್ರೋಟೀನ್ ಗುರುತಿಸಿದರು. ಪ್ರೋಟೀನ್ ತಯಾರಿಸುವ ಜೀನ್‌ಗಳಲ್ಲಿ ಇದು ಸುಮಾರು 84%. ಹೆಮ್ಮೆಯ ಕೆಲಸವೇ. ಆದರೆ ಮೂಗಿನ ಅಂಗಾಂಶ ಮುಟ್ಟದೇನೇ ವಾಸನೆ ಹಿಡಿಯುವ ಪ್ರೋಟೀನುಗಳು ಹೇಗೆ ಸಿಕ್ಕವು ಅಂತ ಅದೇ ವರ್ಷ ಮ್ಯಾಡ್ರಿಡ್‌ನ ವಿಜ್ಞಾನಿಗಳು ಕೇಳಿದರು. ಅವರ ಆಕ್ಷೇಪ ನನಗೂ ಸರಿ ಅನ್ನಿಸಿತು.

ಎರಡನೆಯದು 2016ರ ಫ್ರೆಂಚ್-ಸ್ವಿಸ್ ಪ್ರಬಂಧ. ಜೀನ್ ಇದೆ, ಪ್ರೋಟೀನ್ ಮಾತ್ರ ಯಾರಿಗೂ ಕಂಡಿಲ್ಲ, ಅಂಥವನ್ನು ಅವರು ವೀರ್ಯಾಣುವಿನಲ್ಲಿ ಹುಡುಕಿದರು. ಬೇರೆಲ್ಲೂ ತಯಾರಾಗದ ಎಷ್ಟೋ ಪ್ರೋಟೀನುಗಳು ವೃಷಣದಲ್ಲಿ ತಯಾರಾಗುತ್ತವೆ. ಜನಗಣತಿಯವರು ಮಧ್ಯಾಹ್ನ ಬಂದು ಬೀಗ ನೋಡಿ ಹೋದರೆ ಆ ಮನೆಯಲ್ಲಿ ಜನ ಇಲ್ಲ ಅಂತಲ್ಲ, ಸಂಜೆ ಮತ್ತೆ ಬರಬೇಕು. ಇವರು ಹಾಗೆ ಬಂದವರು. ನನಗೆ ಹಿಡಿಸಿದ್ದು ಅವರ ಅನುಮಾನದ ಬುದ್ಧಿ. ಒಂದೇ ತುಂಡಿನ ಸಾಕ್ಷಿ ಸಾಲದು, ಎರಡಾದರೂ ಬೇಕು ಅನ್ನೋದು ನಿಯಮ. ಒಂದೇ ಸಾಕ್ಷಿಯಿದ್ದ 36 ಪ್ರೋಟೀನುಗಳನ್ನು ಗುರಿಯಿಟ್ಟು ಮತ್ತೆ ಅಳೆದರು. ಗಟ್ಟಿಯಾಗಿ ನಿಂತದ್ದು 24. ಒಟ್ಟಾರೆ 206 ದೃಢಪಟ್ಟವು.

ನನ್ನ ತಕರಾರಿರೋದು ಅವರ ಕೊನೆಯ ಮಾತಿನ ಬಗ್ಗೆ. ಇವುಗಳಲ್ಲಿ ಕೆಲವು ಫಲವತ್ತತೆಯ ಪರೀಕ್ಷೆಗೆ ನೆರವಾಗಬಹುದಂತೆ. ಪ್ರಬಂಧದಲ್ಲಿ ‘ಬಹುದು’ ಅನ್ನೋದು ಎಚ್ಚರಿಕೆ. ಜಾಹೀರಾತಿಗೆ ಬರೋ ಹೊತ್ತಿಗೆ ಅದೇ ಭರವಸೆ ಆಗಿಬಿಡುತ್ತೆ. ಒಂದು ಪ್ರೋಟೀನ್ ಇದೆ ಅಂತ ಗೊತ್ತಾದ ಮಾತ್ರಕ್ಕೆ, ಅದಿಲ್ಲದಿದ್ದರೆ ಮಗು ಆಗಲ್ಲ ಅಂತ ಗೊತ್ತಾದ ಹಾಗಲ್ಲ.

ದೀಪಾವಳಿಗೆ ಹೋದಾಗ ಅಣ್ಣನಿಗೆ ಹೇಳಿದೆ: "ನಿನ್ನ ಹಾಳ್ಯಾಗ ನೋಡಿದ್ದು ಮೂರೇ ಮೂರು. ನೋಡದೇ ಇದ್ದದ್ದು ಭಾಳ ಐತಿ. ಮುಂದಿನ ಸಲ ಅತ್ತಿಗಿ ಒಬ್ಬಾಕೀನ್ನೇ ಕಳಿಸಬ್ಯಾಡ, ನೀನೂ ಹೋಗು."

ಅವನು ಮಾತಾಡಲಿಲ್ಲ. ತನ್ನ ಹಾಳೆಯನ್ನು ಅತ್ತಿಗೆಯ ಫೈಲಿನೊಳಗೆ ಸೇರಿಸಿಟ್ಟ.