ಪುಟ್ನಂಜನ ಅಜ್ಜಿಗೆ 38 ವರ್ಷ

ಉಮಾಶ್ರೀ ಅವರ ಬಗ್ಗೆ ನಮ್ಮ ಓದುಬರಹದ ವಲಯ ಒಂದು ತೀರ್ಪು ಕೊಟ್ಟು ಸುಮ್ಮನಾಗಿದೆ. ರಂಗದ ಮೇಲೆ ‘ಒಡಲಾಳ’ದ ಸಾಕವ್ವನಾಗಿ ಬೆಳಗಿದ ಕಲಾವಿದೆಯನ್ನು ಗಾಂಧಿನಗರದ ಚಿತ್ರೋದ್ಯಮ ವರ್ಷಗಟ್ಟಲೆ ಡಬಲ್ ಮೀನಿಂಗ್ ಹಾಸ್ಯದಲ್ಲಿ ಹಾಳುಮಾಡಿತು, ಕೊನೆಗೆ ಗಿರೀಶ ಕಾಸರವಳ್ಳಿ ‘ಗುಲಾಬಿ ಟಾಕೀಸ್’ (2008) ಕೊಟ್ಟು ಕೈಹಿಡಿದರು, ರಾಷ್ಟ್ರಪ್ರಶಸ್ತಿ ಬಂತು, ಹಳೆಯದೆಲ್ಲ ತೊಳೆದುಹೋಯಿತು. ಸನ್ಮಾನದ ಭಾಷಣಗಳಲ್ಲಿ ಈ ಮಾತು ಸವೆದು ನುಣುಪಾಗಿರುವುದರಿಂದ ಯಾರೂ ಅದನ್ನು ತಿರುಗಿಸಿ ನೋಡುವುದಿಲ್ಲ. ಇದಕ್ಕೆ ಜೋಡಿಯಾಗಿ ಇನ್ನೊಂದು ತೀರ್ಪಿದೆ. ಪಂಡರಿಬಾಯಿ, ಲೀಲಾವತಿ ಮೊದಲಾದವರು ನಾಯಕಿಯರಾಗಿ ಬಂದು ತಾಯಿಯ ಪಾತ್ರಕ್ಕೆ ಏರಿದರು, ಕನ್ನಡ ಚಿತ್ರರಂಗ ತನ್ನ ಹಿರಿಯ ನಟಿಯರನ್ನು ತಾಯಿಯ ಪೀಠದಲ್ಲಿ ಕೂರಿಸಿ ಗೌರವಿಸಿತು ಎಂಬುದು. 2023ರ ಡಿಸೆಂಬರಿನಲ್ಲಿ ಲೀಲಾವತಿ ತೀರಿಕೊಂಡಾಗಲೂ ಈ ಧಾಟಿಯ ಶ್ರದ್ಧಾಂಜಲಿಗಳೇ ಕೇಳಿದವು. ಎರಡೂ ತೀರ್ಪುಗಳ ಬೇರು ಒಂದೇ: ವಯಸ್ಸಾದ ಹೆಂಗಸು ತೆರೆಯ ಮೇಲೆ ಅತ್ತು ಹರಸಿದರೆ ಅದು ಗೌರವ, ನಗಿಸಿದರೆ ಅಥವಾ ಆಸೆಪಟ್ಟರೆ ಅದು ಪ್ರತಿಭೆಯ ದುಂದುವೆಚ್ಚ. ಎರಡೂ ತೀರ್ಪು ತಪ್ಪು ಎಂಬುದು ನನ್ನ ವಾದ.

ಮೊದಲು ಪೀಠದ ವಿಷಯ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ಪಂಡರಿಬಾಯಿ ರಾಜ್‌ಕುಮಾರ್ ಅವರಿಗೆ ಹೆಂಡತಿ. 1986ರ ‘ಅನುರಾಗ ಅರಳಿತು’ ಹೊತ್ತಿಗೆ ಅದೇ ಪಂಡರಿಬಾಯಿ ಅದೇ ರಾಜ್‌ಕುಮಾರ್ ಅವರ ಕಾಯಿಲೆಯ ತಾಯಿ; ನಾಯಕಿ ಮಾಧವಿ, ಆಗ ಇಪ್ಪತ್ತರ ಹರೆಯದವರು. ಪಂಡರಿಬಾಯಿ ರಾಜ್‌ಕುಮಾರ್ ಅವರಿಗಿಂತ ಹೆಚ್ಚೆಂದರೆ ಒಂದೆರಡು ವರ್ಷಕ್ಕೆ ದೊಡ್ಡವರು. ‘ತಾಯಿಗೆ ತಕ್ಕ ಮಗ’ (1978) ಚಿತ್ರದಲ್ಲಿ ತಾಯಿಯಾದವರು ತೆಲುಗಿನ ಮಹಾನಟಿ ಸಾವಿತ್ರಿ. ಮಗನಾದ ರಾಜ್‌ಕುಮಾರ್ ಅವರಿಗೆ 49, ತಾಯಿಗೆ ನಲವತ್ತರ ಆಸುಪಾಸು. ಹುಟ್ಟಿದ ವರ್ಷ ನೋಡಿದರೆ ತಾಯಿಯೇ ಮಗನಿಗಿಂತ ಚಿಕ್ಕವರು. ಆಮೇಲೆ 2000ದಲ್ಲಿ ‘ಶಬ್ದವೇಧಿ’ ಬಂದಾಗ ರಾಜ್‌ಕುಮಾರ್ ಎಪ್ಪತ್ತು ದಾಟಿದ್ದರು, ಎದುರಿಗೆ ನಾಯಕಿ ಜಯಪ್ರದಾ. ಅವರ ಜೊತೆ ಅರವತ್ತರ ದಶಕದಲ್ಲಿ ಹಾಡಿ ಕುಣಿದ ನಾಯಕಿಯರಲ್ಲಿ ಒಬ್ಬರಿಗಾದರೂ ಅಷ್ಟು ಕಾಲ ನಾಯಕಿಯಾಗಿ ಉಳಿಯುವ ಭಾಗ್ಯ ಸಿಗಲಿಲ್ಲ. ಇದು ಆ ಮಹಾನಟನ ಮೇಲಿನ ಆರೋಪವಲ್ಲ. ಅವರೇ ಕೇಂದ್ರವಾಗಿದ್ದ ಒಂದು ವ್ಯವಸ್ಥೆ ಹೆಂಗಸರ ವಯಸ್ಸನ್ನು ಹೇಗೆ ಲೆಕ್ಕ ಹಾಕಿತು ಎಂಬುದರ ಗುರುತು. ಹಿಂದಿಯಲ್ಲೂ ಕಥೆ ಬೇರೆಯಿಲ್ಲ: ‘ಕಭೀ ಕಭೀ’ (1976) ಚಿತ್ರದಲ್ಲಿ ಅಮಿತಾಭರ ಪ್ರೇಯಸಿಯಾಗಿದ್ದ ರಾಖೀ ಆರೇ ವರ್ಷಕ್ಕೆ ‘ಶಕ್ತಿ’ಯಲ್ಲಿ ಅವರ ಅಮ್ಮ.

ಇದಕ್ಕೆ ಬಲ್ಲವರು ಕೊಡುವ ಉತ್ತರವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ನಮ್ಮ ಸಿನಿಮಾ ಹುಟ್ಟಿದ್ದು ಕಂಪನಿ ನಾಟಕದ ಮಡಿಲಲ್ಲಿ. ಅಲ್ಲಿ ಗಂಡಸು ಹೆಣ್ಣಾಗುತ್ತಿದ್ದ, ಮುದುಕ ರಾಜಕುಮಾರನಾಗುತ್ತಿದ್ದ, ಬಣ್ಣ ಹಚ್ಚಿದ ಮೇಲೆ ವಯಸ್ಸು ಕೇಳುವವರಿರಲಿಲ್ಲ. ಹಾಗಿದ್ದ ಮೇಲೆ ತೆರೆಯ ಮೇಲಿನ ತಾಯಿಯ ಜನ್ಮಪತ್ರಿಕೆ ತೆಗೆದು ನೋಡುವುದು ಕಲೆಯ ಅರ್ಥ ತಿಳಿಯದವರ ಕೆಲಸ ಎನ್ನುತ್ತಾರೆ. ಒಪ್ಪೋಣ. ಆದರೆ ಬಣ್ಣದ ಧರ್ಮ ಅದೇ ಆಗಿದ್ದರೆ ಅದು ಎರಡೂ ಕಡೆ ನಡೆಯಬೇಕಿತ್ತು. ಐವತ್ತರ ನಾಯಕ ಕಾಲೇಜು ಹುಡುಗನಾಗಬಹುದಾದರೆ ಐವತ್ತರ ನಾಯಕಿ ಕಾಲೇಜು ಹುಡುಗಿಯಾಗಬೇಕಿತ್ತು. ಆಗಲಿಲ್ಲ. ಬಣ್ಣ ಗಂಡಸಿಗೆ ವಯಸ್ಸು ಇಳಿಸಿತು, ಹೆಂಗಸಿಗೆ ಏರಿಸಿತು. ‘ಬಭ್ರುವಾಹನ’ (1977) ನೆನಪಿಸಿಕೊಳ್ಳಿ. ಅರ್ಜುನನೂ ರಾಜ್‌ಕುಮಾರ್, ಬಭ್ರುವಾಹನನೂ ರಾಜ್‌ಕುಮಾರ್, ಚಿತ್ರಾಂಗದೆಯಾದ ಬಿ. ಸರೋಜಾದೇವಿ ಒಬ್ಬನೇ ನಟನಿಗೆ ಒಂದೇ ಚಿತ್ರದಲ್ಲಿ ಹೆಂಡತಿಯೂ ಹೌದು, ತಾಯಿಯೂ ಹೌದು. ಆ ಚಿತ್ರವನ್ನು ನಾನು ತುಂಬ ಮೆಚ್ಚುತ್ತೇನೆ, ಸರೋಜಾದೇವಿಯ ಘನತೆ ಅದರ ಅರ್ಧ ಬಲ. ಆದರೂ ನಮ್ಮ ಸಿನಿಮಾ ನಟಿಗೆ ಇಟ್ಟ ಎರಡೇ ಮನೆಗಳು ಇಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣುವುದಿಲ್ಲ.

ಆಂಧ್ರದ ಗಡಿಗೆ ಹತ್ತಿರದ ವಿದುರಾಶ್ವತ್ಥ, ಗೌರಿಬಿದನೂರು, ಚಿಂತಾಮಣಿಯ ಪ್ರೇಕ್ಷಕರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ, ಅವರು ಕನ್ನಡ, ತೆಲುಗು ಎರಡೂ ಭಾಷೆಯ ಸಿನಿಮಾ ನೋಡಿ ಬೆಳೆದವರು. ಪಕ್ಕದ ಹಿಂದೂಪುರದಿಂದ ತೆಲುಗಿನ ನಾಯಕನಟ ಎನ್.ಟಿ. ರಾಮರಾವ್ 1985, 1989, 1994ರಲ್ಲಿ ಶಾಸಕರಾದರು; 2014ರಿಂದ ಅವರ ಮಗ ಬಾಲಕೃಷ್ಣ ಅಲ್ಲಿಯ ಶಾಸಕರು. ಬಿ.ಆರ್. ಪಂತುಲು ಅವರ ಕನ್ನಡದ ‘ಸ್ಕೂಲ್ ಮಾಸ್ಟರ್’ (1958) ತೆಲುಗಿನಲ್ಲಿ ‘ಬಡಿ ಪಂತುಲು’ (1972) ಆದಾಗ ರಾಮರಾವ್ ಅವರ ಮೊಮ್ಮಗಳಾಗಿ ಬಂದ ಪುಟ್ಟ ಹುಡುಗಿ ಶ್ರೀದೇವಿ. ಏಳು ವರ್ಷದ ಮೇಲೆ ‘ವೇಟಗಾಡು’ ಚಿತ್ರದಲ್ಲಿ ಅದೇ ಶ್ರೀದೇವಿ ಅವರಿಗೆ ನಾಯಕಿ. ‘ಬಡಿ ಪಂತುಲು’ವಿನಲ್ಲಿ ಅವರ ಹೆಂಡತಿಯಾಗಿದ್ದ ಅಂಜಲೀದೇವಿಯನ್ನು ಆ ಹೊತ್ತಿಗೆ ಯಾರೂ ನಾಯಕಿಯೆಂದು ಕರೆಯುತ್ತಿರಲಿಲ್ಲ. ಇನ್ನು 2023ರ ‘ವೀರಸಿಂಹ ರೆಡ್ಡಿ’: ಬಾಲಕೃಷ್ಣ ಅಪ್ಪನೂ ಹೌದು, ಮಗನೂ ಹೌದು, ಮಗನ ತಾಯಿಯಾಗಿ ನಟಿಸಿದ ಹನಿ ರೋಸ್ ಬಾಲಕೃಷ್ಣ ಅವರಿಗಿಂತ ಮೂವತ್ತಕ್ಕೂ ಹೆಚ್ಚು ವರ್ಷ ಚಿಕ್ಕವರು. ‘ಬಭ್ರುವಾಹನ’ದ ಲೆಕ್ಕವೇ ನಲವತ್ತಾರು ವರ್ಷದ ಮೇಲೂ ನಡೆದಿದೆ. ಅಲ್ಲಿ ಕನಿಷ್ಠ ಮೂವತ್ತೊಂಬತ್ತರ ಸರೋಜಾದೇವಿ ಇದ್ದರು, ಇಲ್ಲಿ ಆ ಪಾತ್ರಕ್ಕೂ ಹಿರಿಯ ನಟಿ ಬೇಡವಾದಳು.

ಹಾಗಾದರೆ ಇದು ಸಂಸ್ಕೃತಿಯ ತಪ್ಪೇ? ನಮ್ಮದು ತಾಯಿಯನ್ನು ಪೂಜಿಸುವ ನಾಡು, ಸಿನಿಮಾ ಆ ಪೂಜೆಯನ್ನಷ್ಟೇ ತೋರಿಸಿತು ಎಂಬ ಸಮರ್ಥನೆಯನ್ನು ನಾನು ನಂಬುವುದಿಲ್ಲ. ವಿದುರಾಶ್ವತ್ಥದ ಅಶ್ವತ್ಥಕಟ್ಟೆಯ ಸುತ್ತ ನಿಂತ ಸಾವಿರಾರು ನಾಗರಕಲ್ಲುಗಳ ಹಿಂದೆ ಸಂತಾನದ ಹರಕೆಗಳಿವೆ. ತಾಯ್ತನದ ಹಂಬಲ ಈ ಸೀಮೆಯಲ್ಲಿ ಎಷ್ಟು ಆಳದ್ದು ಎಂದು ಆ ಕಲ್ಲುಗಳೇ ಹೇಳುತ್ತವೆ. ಆದರೆ ಹರಕೆ ತೀರಿಸಿ ಮಕ್ಕಳನ್ನು ದೊಡ್ಡದು ಮಾಡಿದ ಹೆಂಗಸು ಅಲ್ಲಿಗೇ ಮುಗಿದುಹೋಗುವುದಿಲ್ಲ. ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ, ಹಿಪ್ಪುನೇರಳೆ ತೋಟಗಳಲ್ಲಿ, ಹಾಲಿನ ಡೇರಿಗಳ ಮುಂದೆ ಐವತ್ತು ದಾಟಿದ ಹೆಂಗಸರು ದುಡಿಯುತ್ತಾರೆ, ಸಾಲ ಕೊಟ್ಟು ವಸೂಲಿ ಮಾಡುತ್ತಾರೆ, ಜಗಳ ಕಾಯುತ್ತಾರೆ, ಪೋಲಿ ಮಾತಾಡಿ ನಗುತ್ತಾರೆ. ಬದುಕಿನಲ್ಲಿ ಇಷ್ಟೊಂದು ಇರುವ ಹೆಂಗಸು ತೆರೆಗೆ ಬಂದಾಗ ದೇವರ ಫೋಟೋದ ಮುಂದೆ ನಿಂತು ಮಗನಿಗಾಗಿ ಕಣ್ಣೀರಿಡುವವಳಷ್ಟೇ ಆಗುತ್ತಾಳೆ. ಪೂಜೆ ಮಾಡುವ ಸಿನಿಮಾಗೆ ತಾಯಿ ಬದುಕಿರಬೇಕೆಂದೂ ಇಲ್ಲ. ‘ಜೋಗಿ’ಯಲ್ಲಿ (2005) ಮಗನನ್ನು ಹುಡುಕಿ ನಗರಕ್ಕೆ ಬರುವ ಅರುಂಧತಿ ನಾಗ್ ಕಡೇಪಕ್ಷ ಒಂದು ಹುಡುಕಾಟ ಮಾಡುತ್ತಾರೆ, ಬೀದಿಯಲ್ಲಿ ನಡೆಯುತ್ತಾರೆ, ಶಿವರಾಜ್‌ಕುಮಾರ್ ಅವರಿಗೂ ಅವರಿಗೂ ಇರುವ ಅಂತರ ಐದಾರು ವರ್ಷ ಎಂಬುದನ್ನು ಆ ನಟನೆ ಮರೆಸುತ್ತದೆ. ‘ಕೆ.ಜಿ.ಎಫ್.’ (2018) ಅದನ್ನೂ ಉಳಿಸಲಿಲ್ಲ. ಅಲ್ಲಿ ತಾಯಿ ಕಥೆಯ ಆರಂಭಕ್ಕೇ ಸಾಯುತ್ತಾಳೆ, ಉಳಿಯುವುದು ಮಗನಿಂದ ಪಡೆದ ಮಾತು. ಆ ಪಾತ್ರ ಮಾಡಿದ ಅರ್ಚನಾ ಜೋಯಿಸ್ ಯಶ್ ಅವರಿಗಿಂತ ಕಿರಿಯರು. ಸಾಯುವಾಗ ತಾಯಿ ಚಿಕ್ಕವಳೇ, ಹಾಗಾಗಿ ತರ್ಕ ಸರಿ. ಆದರೆ ತಾಯಿಯ ಹೆಸರಿನಲ್ಲೇ ನಡೆಯುವ, ನಮ್ಮ ಅತಿ ದೊಡ್ಡ ಚಿತ್ರಗಳಲ್ಲೊಂದರಲ್ಲಿ ವಯಸ್ಸಾದ ತಾಯಿಗೆ ಜಾಗವೇ ಬೇಕಾಗಲಿಲ್ಲ. ಪಂಡರಿಬಾಯಿಯ ಪೀಠ ಬಂದು ಮುಟ್ಟಿದ್ದು ಇಲ್ಲಿಗೆ.

ಉಮಾಶ್ರೀ ಅವರಿಗೆ ಹಿಂತಿರುಗುತ್ತೇನೆ, ನನ್ನ ಪಕ್ಷಪಾತ ಅವರ ಕಡೆಗೆ. 1995ರ ‘ಪುಟ್ನಂಜ’ದಲ್ಲಿ ಅವರು ರವಿಚಂದ್ರನ್ ಅವರ ಅಜ್ಜಿ. ಉಮಾಶ್ರೀ ಅವರಿಗೆ ಆಗ 38, ಮೊಮ್ಮಗನಿಗೆ 34. ಇಷ್ಟು ಹೇಳಿ ಅನ್ಯಾಯವೆಂದು ನಿಲ್ಲಿಸಬಹುದು, ಅನ್ಯಾಯ ಹೌದು ಕೂಡ. ಆದರೆ ಆ ಅಜ್ಜಿಯನ್ನು ನೋಡಿದವರು ಮರೆತಿಲ್ಲ. ಬೊಚ್ಚುಬಾಯಿಯ ಗದರಿಕೆ, ಎಲೆಅಡಿಕೆಯ ನಡುವೆ ಸಿಡಿಯುವ ಬೈಗುಳ, ಮೊಮ್ಮಗನ ಮೇಲಿನ ಅಧಿಕಾರ, ಸೊಂಟ ಬಾಗಿದರೂ ಕುಂದದ ಠೇಂಕಾರ ಇವೆಲ್ಲ ಸೇರಿ ಆ ಚಿತ್ರದ ನಾಯಕಿಯ ಚೆಲುವಿಗಿಂತ ಗಟ್ಟಿಯಾಗಿ ನೆನಪಿನಲ್ಲಿ ಕೂತಿವೆ. ಪಂಡರಿಬಾಯಿ ಪರಂಪರೆಯ ತಾಯಿ ಮಗನ ಒಳ್ಳೆಯತನಕ್ಕೆ ಸಾಕ್ಷಿಯಾಗಿ ಇರುವವಳು. ಈ ಅಜ್ಜಿ ತನಗಾಗಿ ಇರುವವಳು. ಅವಳಿಗೆ ಬಾಯಿರುಚಿಯಿದೆ, ಸಿಟ್ಟಿದೆ, ಹಟವಿದೆ. ಈ ಸಾಮರ್ಥ್ಯ ಎಲ್ಲಿಂದ ಬಂತು ಎಂದು ಕೇಳಿದರೆ ನಮ್ಮ ವಿಮರ್ಶಕರು ‘ಒಡಲಾಳ’ದತ್ತ ಬೆರಳು ತೋರುತ್ತಾರೆ. ಸರಿ, ದೇವನೂರ ಮಹಾದೇವರ ಸಾಕವ್ವ, ಕಳೆದುಹೋದ ಹುಂಜಕ್ಕಾಗಿ ಊರೆಲ್ಲ ಹುಡುಕುವ ಆ ಮುದುಕಿ, ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದಲ್ಲಿ ಉಮಾಶ್ರೀ ಅವರ ಮೈಯಲ್ಲಿ ಇಳಿದಳು. ಹರೆಯ ದಾಟದ ನಟಿ ಅಲ್ಲಿ ಮುದುಕಿಯ ಹಸಿವನ್ನೂ ಗತ್ತನ್ನೂ ಕಲಿತರು. ಆದರೆ ಹಾಸ್ಯನಟ ಎನ್.ಎಸ್. ರಾವ್ ಅವರಿಗೆ ಜೋಡಿಯಾಗಿ ಮಾಡಿದ ಹಾಸ್ಯಗಳಲ್ಲಿ ಕಲಿತದ್ದೂ ಅಷ್ಟೇ ದೊಡ್ಡದು, ಅದನ್ನು ಹೇಳಲು ನಾವು ನಾಚುತ್ತೇವೆ.

ಆ ಹಾಸ್ಯ ಬಹುಮಟ್ಟಿಗೆ ಒರಟು, ಕೆಲವೆಡೆ ಕೀಳು. ಅದನ್ನು ಬರೆದವರು ಹೆಣ್ಣನ್ನು ಲೇವಡಿಗೇ ಇಟ್ಟಿದ್ದರು ಎಂಬ ಆಕ್ಷೇಪ ನಿಜ. ಆದರೆ ಬರೆದದ್ದೇ ಬೇರೆ, ಆಡಿದ್ದೇ ಬೇರೆ. ಎಂಬತ್ತರ ದಶಕದ ಕನ್ನಡ ಸಿನಿಮಾದಲ್ಲಿ ನಾಯಕಿಯ ವಯಸ್ಸು, ನಾಯಕಿಯ ಬಣ್ಣ, ನಾಯಕಿಯ ಸೊಂಟ ಇಲ್ಲದ ಹೆಂಗಸೊಬ್ಬಳು ಗಂಡಸನ್ನು ನೋಡಿ ಆಸೆಪಡಬಹುದಾದ, ಅವನನ್ನು ಹಂಗಿಸಬಹುದಾದ, ದುಪ್ಪಟ್ಟು ಉತ್ತರ ಕೊಡಬಹುದಾದ ಜಾಗ ಆ ಹಾಸ್ಯದ ಟ್ರ್ಯಾಕ್ ಒಂದೇ. ಗಂಭೀರ ಕಥಾಭಾಗದಲ್ಲಿ ಆಸೆಪಟ್ಟ ಹೆಂಗಸಿನ ಗತಿ ಏನಾಯಿತು ಎಂಬುದಕ್ಕೆ ನಿರ್ದೇಶಕ ಪುಟ್ಟಣ್ಣ ಕಣಗಾಲರ ‘ಎಡಕಲ್ಲು ಗುಡ್ಡದ ಮೇಲೆ’ (1973) ಚಿತ್ರದ ಜಯಂತಿಯೇ ಸಾಕ್ಷಿ: ಅದ್ಭುತ ಪಾತ್ರ, ಆದರೆ ಸಾವೇ ಅದರ ಕೊನೆ. ಉಮಾಶ್ರೀ ಅವರ ಹಾಸ್ಯದ ಹೆಂಗಸು ಸಾಯುವುದಿಲ್ಲ, ಪಶ್ಚಾತ್ತಾಪ ಪಡುವುದಿಲ್ಲ, ಮುಂದಿನ ಚಿತ್ರದಲ್ಲಿ ಮತ್ತೆ ಕಣ್ಣು ಹೊಡೆಯುತ್ತಾಳೆ. ಹಳ್ಳಿಯ ಸೋಬಾನೆಯ ಸರಸದಲ್ಲಿ, ನಾದಿನಿ ಭಾವನ ಕುಚೋದ್ಯದಲ್ಲಿ ಇಂಥ ಹೆಂಗಸು ಎಂದಿನಿಂದಲೂ ಇದ್ದಾಳೆ. ಅವಳನ್ನು ಅಶ್ಲೀಲವೆಂದು ಅಂಗಳದಿಂದ ಆಚೆ ಹಾಕಿದ್ದು ಪೇಟೆಯ ಮರ್ಯಾದೆ.

‘ಗುಲಾಬಿ ಟಾಕೀಸ್’ ಅನ್ನು ಈ ಬೆಳಕಿನಲ್ಲಿ ನೋಡಿದರೆ ಕಾಸರವಳ್ಳಿ ಉಮಾಶ್ರೀ ಅವರನ್ನು ಉಳಿಸಿದರು ಎಂಬ ಮಾತು ತಲೆಕೆಳಗಾಗುತ್ತದೆ. ಗುಲಾಬಿ ಗಂಡ ಬಿಟ್ಟ ಮುಸ್ಲಿಂ ಸೂಲಗಿತ್ತಿ, ಸಿನಿಮಾ ಹುಚ್ಚಿನವಳು; ಹೆರಿಗೆ ಮಾಡಿಸಿದ್ದಕ್ಕೆ ಪ್ರತಿಯಾಗಿ ಮನೆಗೆ ಟಿ.ವಿ. ಬರುತ್ತದೆ, ಊರ ಹೆಂಗಸರು ಅವಳ ಮನೆಯಲ್ಲಿ ನೆರೆಯುತ್ತಾರೆ. ಕಾರ್ಗಿಲ್ ಕಾಲದ ಅನುಮಾನ ಕರಾವಳಿಯ ಮೀನುಗಾರರ ನಡುವೆ ಹರಡಿದಾಗ ಅವಳು ಒಂಟಿಯಾಗುತ್ತಾಳೆ. ಕಾಸರವಳ್ಳಿಯವರ ಶೈಲಿ ಸಂಯಮದ್ದು, ಒಮ್ಮೊಮ್ಮೆ ಉಸಿರುಗಟ್ಟಿಸುವಷ್ಟು ಸಂಯಮದ್ದು. ಗುಲಾಬಿ ಬರೀ ನೊಂದ ಹೆಂಗಸಾಗದೆ ಉಳಿದದ್ದು ಉಮಾಶ್ರೀ ಅವರ ಕಣ್ಣಿನ ತುಂಟತನದಿಂದ, ಪರದೆಯ ಮುಂದೆ ಕೂತಾಗ ಮುಖದಲ್ಲಿ ಉಕ್ಕುವ ಬಾಯಾರಿಕೆಯಿಂದ, ಮಾತಿನ ಹೊಡೆತಕ್ಕೆ ಸರಿಯಾದ ಹೊತ್ತು ಹಿಡಿಯುವುದರಿಂದ. ಆ ಹೊತ್ತಿನ ಹಿಡಿತ ಬಂದದ್ದು ಹಾಸ್ಯದಿಂದ. ಹಾಸ್ಯವಿಲ್ಲದ ಉಮಾಶ್ರೀ ಗುಲಾಬಿಯಾಗುತ್ತಿರಲಿಲ್ಲ. ಮತ್ತೊಂದು: ವಯಸ್ಸಾದ ಹೆಂಗಸನ್ನು ಯಾರೋ ನೋಡಿ ಮರುಗುವ ವಸ್ತುವಾಗಿಸದೆ, ಸಿನಿಮಾ ನೋಡಿ ಸುಖಪಡುವ ಪ್ರೇಕ್ಷಕಿಯಾಗಿಸಿದ ಕನ್ನಡ ಚಿತ್ರ ನನಗೆ ತಿಳಿದಂತೆ ಅದೊಂದೇ.

ಇಂಥ ಪಾತ್ರಗಳು ಎಲ್ಲಿಂದ ಬಂದವು ಎಂದು ನೋಡಿದರೆ ಉತ್ತರ ಗಾಂಧಿನಗರದ ಹೊರಗೆ, ಪುಸ್ತಕದಲ್ಲಿ ಸಿಗುತ್ತದೆ. ಗುಲಾಬಿಯ ಹಿಂದೆ ವೈದೇಹಿಯವರ ಕಥೆಯಿದೆ. ‘ಗೆಜ್ಜೆಪೂಜೆ’ಯಲ್ಲಿ (1969) ಲೀಲಾವತಿ ತಮಗಿಂತ ಐದಾರು ವರ್ಷ ಮಾತ್ರ ಚಿಕ್ಕವರಾದ ಕಲ್ಪನಾಗೆ ತಾಯಿಯಾದರು, ವಯಸ್ಸಿನ ಲೆಕ್ಕ ಅಲ್ಲೂ ಸುಳ್ಳು, ಆದರೆ ಎಂ.ಕೆ. ಇಂದಿರಾ ಬರೆದ ಆ ತಾಯಿಗೆ ಹಳೆಯ ಪ್ರೀತಿಯಿದೆ, ಅವಮಾನವಿದೆ, ಮಗಳ ಮೇಲೂ ತನ್ನ ಮೇಲೂ ಸಿಟ್ಟಿದೆ. ಲೀಲಾವತಿಯ ತಾಯ್ತನ ಪಂಡರಿಬಾಯಿಯದಕ್ಕಿಂತ ಎತ್ತರದ್ದು ಎಂದು ನಾನು ಹೇಳುವುದು ಇದಕ್ಕಾಗಿಯೇ. ಅದೇ ಇಂದಿರಾ ಅವರ ‘ಫಣಿಯಮ್ಮ’ (1983) ಪ್ರೇಮಾ ಕಾರಂತರ ಕೈಯಲ್ಲಿ ಚಿತ್ರವಾಯಿತು. ಭೈರಪ್ಪನವರ ಕಾದಂಬರಿ ಆಧರಿಸಿದ ‘ನಾಯಿ ನೆರಳು’ (2006) ಚಿತ್ರ ನಡುವಯಸ್ಸಿನ ವಿಧವೆಯೊಬ್ಬಳ ಆಸೆಯನ್ನು ಪವಿತ್ರಾ ಲೋಕೇಶ್ ಅವರ ಮೂಲಕ ತಲೆತಗ್ಗಿಸದೆ ತೋರಿತು. ಕಾದಂಬರಿಯನ್ನು ಕೈಬಿಟ್ಟು ನಾಯಕನ ಡೇಟ್ಸ್ ಸಿಕ್ಕ ಮೇಲೆ ಕಥೆ ಹೊಸೆಯುವ ರೂಢಿ ಬಲವಾದಂತೆ ಹಿರಿಯ ಹೆಂಗಸಿನ ಪಾತ್ರ ಸೊರಗಿತು. ನಾಯಕನ ಸುತ್ತ ಹೆಣೆದ ಕಥೆಗೆ ತಾಯಿ ಬೇಕು, ತಾಯಿಯ ಬದುಕು ಬೇಡ.

ಪ್ರೇಕ್ಷಕರಿಗೆ ಬೇಕಿರುವುದೇ ಹರೆಯ ಎಂಬ ವ್ಯಾಪಾರದ ವಾದವನ್ನು ಈಗ ಟಿ.ವಿ. ಸುಳ್ಳು ಮಾಡಿದೆ. 2021ರ ಕೊನೆಯಲ್ಲಿ ಜೀ ಕನ್ನಡದಲ್ಲಿ ಶುರುವಾದ ‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯ ಕೇಂದ್ರದಲ್ಲಿ ಅರವತ್ತು ದಾಟಿದ ಉಮಾಶ್ರೀ ನಿಂತರು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟುಹೋದ, ಮೆಸ್ ನಡೆಸಿ ಮೂವರು ಮಕ್ಕಳನ್ನು ಸಾಕುವ ಹೆಂಗಸು. ಧಾರಾವಾಹಿಯ ಎಲ್ಲ ಕಾಯಿಲೆಗಳೂ ಅದಕ್ಕಿವೆ. ಎಳೆದಾಟವಿದೆ, ಕೇಡಿಗರ ಸಂಚುಗಳಿಗೆ ಲೆಕ್ಕವಿಲ್ಲ, ಪುಟ್ಟಕ್ಕನೂ ಕೊನೆಗೆ ತಾಯಿಯೇ. ಆದರೆ ಈ ತಾಯಿಯ ಕೈಯಲ್ಲಿ ಸೌಟಿದೆ, ಗಲ್ಲಾಪೆಟ್ಟಿಗೆಯಿದೆ, ಕಥೆಯ ಮುಂದಿನ ಹೆಜ್ಜೆ ಅವಳು ಇಡುವುದನ್ನು ಕಾಯುತ್ತದೆ. ಕರ್ನಾಟಕದ ಮನೆಮನೆಗಳಲ್ಲಿ ಅವಳನ್ನು ದಿನವೂ ಕೂತು ನೋಡಿದರು. ಅದೇ ಪ್ರೇಕ್ಷಕಿಯರಿಗಾಗಿ ಅದೇ ನಟಿಯನ್ನು ಕೇಂದ್ರವಾಗಿಟ್ಟು ಒಂದು ಚಿತ್ರ ಮಾಡಲು ಗಾಂಧಿನಗರದ ದೊಡ್ಡ ನಿರ್ಮಾಪಕರು ಮುಂದೆ ಬರಲಿಲ್ಲ. ನಮ್ಮ ವಿಮರ್ಶೆಯೂ ಇದರಲ್ಲಿ ಪಾಲುದಾರ. ಸೀರಿಯಲ್ ಎಂದ ಕೂಡಲೆ ಮೂಗು ಮುರಿಯುವ, ಹೆಂಗಸರು ಕೂತು ನೋಡುವುದೆಲ್ಲ ಅಗ್ಗ ಎಂದು ಬಗೆಯುವ ಅಭಿರುಚಿಯೇ ಎನ್.ಎಸ್. ರಾವ್ ಜೋಡಿಯ ಉಮಾಶ್ರೀ ಅವರನ್ನು ಪೋಲೆಂದು ಬರೆದದ್ದು, ಪಂಡರಿಬಾಯಿಯ ಕಣ್ಣೀರನ್ನು ಗೌರವವೆಂದು ಬರೆದದ್ದು. ಪುಟ್ಟಕ್ಕನ ಪಾತ್ರದಲ್ಲಿ ಉಮಾಶ್ರೀ ಮಾತು ನಿಲ್ಲಿಸುವ ರೀತಿ, ಗಿರಾಕಿಯ ಎದುರು ಅವಮಾನ ನುಂಗಿ ಅನ್ನ ಬಡಿಸುವ ರೀತಿ ನಟನೆಯೇ ಹೌದಾದರೆ, ‘ಗುಲಾಬಿ ಟಾಕೀಸ್’ಗೆ ಹಿಡಿದ ಅಳತೆಗೋಲನ್ನೇ ಅದಕ್ಕೂ ಹಿಡಿದು ಬರೆಯುವ ಕೆಲಸ ನಮ್ಮ ಮುಂದೆ ಬಾಕಿಯಿದೆ.