ಭಯಾನಕರಸವೂ ‘ಮಿಡ್‌ನೈಟ್’ ಎಂಬ ನಾಟಕವೂ

ಭಯಪಡಿಸುವುದು ಸುಲಭ, ಭಯಾನಕರಸವನ್ನು ಸಾಧಿಸುವುದು ಕಷ್ಟ. ಕತ್ತಲಲ್ಲಿ ಹಠಾತ್ತಾಗಿ ಬಾಗಿಲು ಬಡಿದರೆ ಯಾರಾದರೂ ಬೆಚ್ಚುತ್ತಾರೆ. ಬೆಚ್ಚಿದವನು ಮರುಕ್ಷಣವೇ ನಗುತ್ತಾನೆ. ನಾಟಕವು ಮುಗಿದ ಮೇಲೂ ಮನಸ್ಸನ್ನು ಬಿಡದೆ, ನೋಡಿದವನು ತನ್ನ ನಡತೆಯನ್ನೇ ಪರೀಕ್ಷಿಸಿಕೊಳ್ಳುವಂತೆ ಮಾಡುವ ಭಯವು ಬೇರೆ ಜಾತಿಯದು. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯವರು ೨೦೦೮ನೆಯ ಇಸವಿ ಜೂನ್ ೧೪ರಂದು ಪ್ರಸಾರಮಾಡಿದ ‘ಮಿಡ್‌ನೈಟ್’ ಎಂಬ ಟೆಲಿವಿಷನ್ ನಾಟಕವು ಈ ಎರಡನೆಯ ಜಾತಿಗೆ ಸೇರಿದುದು. ಮುಕ್ಕಾಲು ಗಂಟೆಯ ಈ ಸಣ್ಣ ಕೃತಿಯು ಏತರಿಂದ ಇಷ್ಟು ಬಲವಾಗಿ ನಾಟುತ್ತದೆಂಬುದು ವಿಚಾರಾರ್ಹವಾಗಿದೆ.

ಈ ನಾಟಕವು ‘ಡಾಕ್ಟರ್ ಹೂ’ ಎಂಬ ದೀರ್ಘ ಕಥಾಮಾಲಿಕೆಯ ಒಂದು ಭಾಗ. ಮಾಲಿಕೆಯು ೧೯೬೩ರಲ್ಲಿ ಆರಂಭವಾಗಿ, ೧೯೮೯ರಲ್ಲಿ ನಿಂತು, ೨೦೦೫ರಲ್ಲಿ ಪುನರ್ಜನ್ಮವನ್ನು ಪಡೆಯಿತು. ಇದರ ನಾಯಕನು ಮನುಷ್ಯನಲ್ಲ, ಅನ್ಯಲೋಕದವನು, ದೇಶಕಾಲಗಳಲ್ಲಿ ಇಚ್ಛೆಬಂದಂತೆ ಸಂಚರಿಸತಕ್ಕವನು. ಡಾಕ್ಟರ್ ಎಂದೇ ಎಲ್ಲರೂ ಕರೆಯುತ್ತಾರೆ. ನಿಜನಾಮವು ಲೋಕಕ್ಕೆ ತಿಳಿಯದು. ಆಯುಧವನ್ನು ಹಿಡಿಯುವುದು ಅವನ ಪ್ರಕೃತಿಗೆ ಒಗ್ಗದು. ಮಾತೇ ಅವನ ಖಡ್ಗ, ಮಾತೇ ಅವನ ಕವಚ. ಎಂತಹ ಸಂಕಟದಲ್ಲಿಯೂ ನಾಲ್ಕು ಮಾತಾಡಿ, ಅಪರಿಚಿತರ ವಿಶ್ವಾಸವನ್ನು ಸಂಪಾದಿಸಿ, ದಾರಿ ತೋರಿಸುತ್ತಾನೆ. ಪ್ರಕೃತ ಭಾಗವನ್ನು ಬರೆದವರು ರಸಲ್ ಟಿ. ಡೇವೀಸ್, ನಿರ್ದೇಶಿಸಿದವರು ಆಲಿಸ್ ಟ್ರೌಟನ್, ನಾಯಕನ ಪಾತ್ರವನ್ನು ವಹಿಸಿದವರು ಡೇವಿಡ್ ಟೆನೆಂಟ್.

ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಬಹುದು. ಮಿಡ್‌ನೈಟ್, ಎಂದರೆ ನಡುವಿರುಳು, ಎಂಬುದೊಂದು ಗ್ರಹ. ಹೆಸರು ಹೀಗಿದ್ದರೂ ಅಲ್ಲಿ ಸುರಿಯುವುದು ಬೆಳಕೇ. ಜೀವವಿದ್ದ ಯಾವುದನ್ನೂ ಉಳಿಸದ ಘೋರವಾದ ಬಿಸಿಲು. ಅದರ ನಡುವೆ ಪ್ರವಾಸಿಗಳಿಗಾಗಿ ಕಟ್ಟಿದ ವಿಲಾಸಮಂದಿರವೊಂದುಂಟು. ಡಾಕ್ಟರನು ತನ್ನ ಜೊತೆಗಾತಿ ಡಾನಳನ್ನು ಅಲ್ಲಿ ವಿಶ್ರಾಂತಿಗೆ ಬಿಟ್ಟು, ಇಂದ್ರನೀಲಮಣಿಗಳ ಜಲಪಾತವನ್ನು ನೋಡಲು ಎಲ್ಲ ಕಡೆಯೂ ಭದ್ರವಾಗಿ ಮುಚ್ಚಿದ ವಾಹನವನ್ನೇರಿ ಹೊರಡುತ್ತಾನೆ. ಅವನಲ್ಲದೆ ಆರು ಮಂದಿ ಪ್ರಯಾಣಿಕರು, ಒಬ್ಬ ಪರಿಚಾರಿಕೆ, ಮುಂದಿನ ಕೋಣೆಯಲ್ಲಿ ಒಬ್ಬ ಚಾಲಕ, ಒಬ್ಬ ಯಂತ್ರಕರ್ಮಿ. ಎಂದಿನ ದಾರಿ ಕಟ್ಟಿಹೋದುದರಿಂದ ವಾಹನವು ಹೊಸ ದಾರಿ ಹಿಡಿಯುತ್ತದೆ, ನಡುದಾರಿಯಲ್ಲಿ ನಿಲ್ಲುತ್ತದೆ. ಏನೂ ಬದುಕಿರಲಾರದ ಹೊರಗಿನಿಂದ ಯಾರೋ ಗೋಡೆಯನ್ನು ತಟ್ಟುತ್ತಾರೆ. ಒಳಗಿನವನೊಬ್ಬನು ಮೂರು ಸಲ ತಟ್ಟಿದರೆ ಹೊರಗಿನಿಂದಲೂ ಮೂರು ಸಲ ಉತ್ತರ ಬರುತ್ತದೆ. ಆಮೇಲೆ ವಾಹನವು ನಡುಗಿ ದೀಪಗಳು ಆರಿಹೋಗುತ್ತವೆ. ಚಾಲಕರ ಕೋಣೆಯೇ ಕಿತ್ತುಹೋಗಿರುತ್ತದೆ. ದೀಪ ಮರಳಿ ಹತ್ತಿದಾಗ ಸ್ಕೈ ಸಿಲ್ವೆಸ್ಟ್ರಿ ಎಂಬ ಪ್ರಯಾಣಿಕಳು ಮೂಲೆಯಲ್ಲಿ ಕುಳಿತು, ಯಾರು ಏನು ಹೇಳಿದರೂ ಅದನ್ನೇ ಹಿಂದಿನಿಂದ ಹೇಳತೊಡಗುತ್ತಾಳೆ. ಈಕೆಯ ಪಾತ್ರವನ್ನು ಲೆಸ್ಲಿ ಶಾರ್ಪ್ ಎಂಬಾಕೆ ವಹಿಸಿದ್ದಾರೆ. ಇಷ್ಟೇ ಸಾಮಗ್ರಿ. ಇನ್ನು ಉಳಿದುದೆಲ್ಲ ಒಂದು ಕೋಣೆ ಮತ್ತು ಮಾತು.

ಭರತಮುನಿಯು ಭಯಾನಕರಸದ ವಿಭಾವಗಳನ್ನು ಎಣಿಸುವಾಗ ವಿಕೃತವಾದ ಧ್ವನಿ, ಭೂತಪಿಶಾಚಗಳ ದರ್ಶನ, ನರಿ ಗೂಬೆಗಳ ಕೂಗು, ಶೂನ್ಯಗೃಹ, ಅರಣ್ಯ ಮುಂತಾದುವನ್ನು ಹೇಳಿದ್ದಾನೆ. ಅಂದಿನಿಂದ ಇಂದಿನವರೆಗೆ ಭಯದ ಕಥೆಗಾರರು ಈ ಪಟ್ಟಿಯನ್ನು ಬಿಟ್ಟು ಹೆಚ್ಚು ದೂರ ಹೋಗಿಲ್ಲ. ಡೇವೀಸರು ಹೋಗಿದ್ದಾರೆ. ಇಲ್ಲಿ ಮನೆ ಶೂನ್ಯವಲ್ಲ, ಜನ ತುಂಬಿದೆ. ಪಿಶಾಚವು ಕಣ್ಣಿಗೆ ಬೀಳುವುದೇ ಇಲ್ಲ; ಕೊನೆಯವರೆಗೂ ಅದರ ರೂಪವೇನು, ಹೆಸರೇನು, ಬೇಕಾದುದೇನು ಎಂಬುದು ಯಾರಿಗೂ ಗೊತ್ತಾಗುವುದಿಲ್ಲ. ಬೇರೆ ಕಥೆಗಳಲ್ಲಾದರೆ ಡಾಕ್ಟರನು ಅರ್ಧದಾರಿಯಲ್ಲಿಯೇ ಶತ್ರುವಿನ ಕುಲಗೋತ್ರಗಳನ್ನು ಹೇಳಿಬಿಡುತ್ತಾನೆ. ಹೆಸರು ತಿಳಿದೊಡನೆ ನೋಡುವವನ ಭಯ ಅರ್ಧ ಇಳಿಯುತ್ತದೆ. ಇಲ್ಲಿ ಆ ಉಪಶಮನವನ್ನು ಕವಿಯು ಕೊಡಲೊಲ್ಲನು. ಎಲ್ಲಕ್ಕಿಂತ ವಿಶೇಷವಾದುದು ಧ್ವನಿ. ಸ್ಕೈಯ ಬಾಯಿಂದ ಬರುವುದು ವಿಕೃತಧ್ವನಿಯಲ್ಲ, ಕೂದಲೆಳೆಯಷ್ಟೂ ವಿಕಾರವಿಲ್ಲದ ಪಡಿಧ್ವನಿ. ಡಾಕ್ಟರನು ಪರೀಕ್ಷಾರ್ಥವಾಗಿ ‘ಪೈ’ ಎಂಬ ಗಣಿತಸಂಖ್ಯೆಯ ವರ್ಗಮೂಲವನ್ನು ಒಂದೇ ಉಸಿರಿನಲ್ಲಿ ಹತ್ತಾರು ಅಂಕಿಗಳವರೆಗೆ ಹೇಳುತ್ತಾನೆ. ಆಕೆ ಒಂದಂಕಿಯನ್ನೂ ತಪ್ಪದೆ ಒಪ್ಪಿಸುತ್ತಾಳೆ. ನರಿಯ ಕೂಗಿಗೆ ಹೆದರದವನೂ ತನ್ನ ಮಾತೇ ತನಗೆ ಮರಳಿ ಬಂದಾಗ ಹೆದರುತ್ತಾನೆ.

ಪಾಠಶಾಲೆಯ ಜಗಲಿಯಲ್ಲಿ ಸಂಥೆ ಹೇಳಿಸುವುದನ್ನು ಕಂಡವರಿಗೆ ಈ ಅನುವಚನದ ಕ್ರಮವು ಹೊಸದಲ್ಲ. ಗುರುವು ಮೊದಲು ಹೇಳುತ್ತಾನೆ, ಶಿಷ್ಯನು ಹಿಂದಿನಿಂದ ಹೇಳುತ್ತಾನೆ. ಅಭ್ಯಾಸ ಬಲಿತಂತೆ ಇಬ್ಬರ ದನಿಯೂ ಒಂದಾಗುತ್ತದೆ. ಕೊನೆಗೆ ಶಿಷ್ಯನೇ ಮುಂದೆ ಹೇಳುತ್ತಾನೆ, ಗುರುವು ಕೇಳಿ ಸಂತೋಷಿಸುತ್ತಾನೆ. ಈ ನಾಟಕದ ಬೆನ್ನೆಲುಬು ಈ ಮೂರು ಮೆಟ್ಟಿಲುಗಳೇ. ಮೊದಲು ಸ್ಕೈ ಎಲ್ಲರ ಮಾತನ್ನೂ ಹಿಂದಿನಿಂದ ಹೇಳುತ್ತಾಳೆ. ಬಳಿಕ ಎಲ್ಲರೊಡನೆ ಏಕಕಾಲದಲ್ಲಿ ಹೇಳುತ್ತಾಳೆ. ಆಮೇಲೆ ಉಳಿದವರನ್ನು ಬಿಟ್ಟು ಡಾಕ್ಟರನೊಬ್ಬನನ್ನೇ ಹಿಡಿಯುತ್ತಾಳೆ. ಕಡೆಗೆ ಆಕೆಯೇ ಮುಂದಾಗಿ ನುಡಿಯುತ್ತಾಳೆ, ಡಾಕ್ಟರನು ಹಿಂದಿನಿಂದ ತೊದಲುತ್ತಾನೆ. ವಿದ್ಯೆಯಲ್ಲಿ ಮಂಗಳವಾದ ಕ್ರಮವೇ ಇಲ್ಲಿ ಅಪಹಾರದ ಕ್ರಮವಾಗಿದೆ. ಹೊಸ ಜೀವವೊಂದು ಕಲಿಯುತ್ತಿದೆಯೆಂದು ಮುಗ್ಧನಂತೆ ಕುತೂಹಲಪಟ್ಟ ಗುರುವಿನ ವಿದ್ಯೆಯೆಲ್ಲ ಸೂರೆಹೋಗುತ್ತದೆ. ಮಾತಿನಿಂದ ಗೆಲ್ಲುವವನಿಗೆ ಮಾತೇ ಇಲ್ಲದಂತೆ ಮಾಡುವುದಕ್ಕಿಂತ ಕ್ರೂರವಾದ ಕಲ್ಪನೆಯು ಈ ಮಾಲಿಕೆಯಲ್ಲಿ ವಿರಳ. ಇಬ್ಬರು ನಟರು ಒಂದೇ ವಾಕ್ಯವನ್ನು ಒಂದೇ ಕ್ಷಣದಲ್ಲಿ, ಒಂದೇ ಏರಿಳಿತದಲ್ಲಿ ನುಡಿಯುವ ಭಾಗವನ್ನು ಕಣ್ಣುಮುಚ್ಚಿ ಕೇಳಿದರೂ ಮೈ ಜುಮ್ಮೆನ್ನುವುದು.

ಆದರೆ ಕೃತಿಯ ಮರ್ಮವು ಇದಕ್ಕಿಂತ ಒಳಗಿದೆ. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ, ಭಯಕ್ಕೆ ಆಲಂಬನವಾದುದು ಮೆಲ್ಲನೆ ಸ್ಥಳವನ್ನು ಬದಲಾಯಿಸುತ್ತದೆ. ಮೊದಲ ಪಾದದಲ್ಲಿ ಆಲಂಬನವು ಗೋಡೆಯಾಚೆಯ ಅದೃಶ್ಯವಸ್ತು, ಎರಡನೆಯದರಲ್ಲಿ ಸ್ಕೈ, ಮೂರನೆಯದರಲ್ಲಿ ಸಹಪ್ರಯಾಣಿಕರೇ. ಇವರು ದುಷ್ಟರಲ್ಲ. ವ್ಯಾಲ್ ಮತ್ತು ಬಿಫ್ ಎಂಬ ದಂಪತಿಗಳು, ಅವರ ಹದಿಹರೆಯದ ಮಗ ಜೆತ್ರೋ, ಹಾಬ್ಸ್ ಎಂಬ ಪ್ರಾಧ್ಯಾಪಕ, ಅವನ ಸಹಾಯಕಿಯಾದ ಡೀಡೀ ಎಂಬ ವಿದ್ಯಾರ್ಥಿನಿ: ರೈಲಿನಲ್ಲಿ ಎದುರು ಬೆಂಚಿನಲ್ಲಿ ಕುಳಿತು ಬುತ್ತಿ ಬಿಚ್ಚಿ ಹಂಚಿಕೊಳ್ಳತಕ್ಕಂಥ ಜನ. ಪ್ರಯಾಣದ ಆರಂಭದಲ್ಲಿ ಪರಿಚಾರಿಕೆಯು ಚಿತ್ರಗಳನ್ನೂ ಹಾಡುಗಳನ್ನೂ ಒಟ್ಟಿಗೆ ಹಚ್ಚಿ ಗದ್ದಲವೆಬ್ಬಿಸಿದಾಗ, ಡಾಕ್ಟರನು ಗುಟ್ಟಾಗಿ ಯಂತ್ರವನ್ನು ಕೆಡಿಸಿ, ಎಲ್ಲರೂ ಪರಸ್ಪರ ಮಾತಾಡುವಂತೆ ಮಾಡುತ್ತಾನೆ. ನಗು, ಹರಟೆ, ಸಂಸಾರದ ಕಥೆಗಳು. ಈ ಭಾಗವನ್ನು ಕೆಲವರು ಕಾಲಹರಣವೆಂದು ಎಣಿಸಬಹುದು, ಅದು ಸರಿಯಲ್ಲ. ರಸಾಸ್ವಾದಕ್ಕೆ ಅಡ್ಡಿಯಾಗುವ ಏಳು ವಿಘ್ನಗಳಲ್ಲಿ ಮೊದಲನೆಯದು ನಡೆದುದನ್ನು ಸಂಭವವೆಂದು ನಂಬಲಾಗದಿರುವುದೆಂದು ಅಭಿನವಗುಪ್ತಪಾದರು ಹೇಳಿದ್ದಾರೆ. ವಿಜ್ಞಾನಕಲ್ಪಿತ ಕಥೆಗಳಿಗೆ ಈ ವಿಘ್ನವು ಹುಟ್ಟಿನಿಂದಲೇ ಅಂಟಿದ ರೋಗ. ವಜ್ರದ ಗ್ರಹವನ್ನು ಯಾರು ನಂಬಿಯಾರು? ಗಂಡಹೆಂಡಿರ ಹಾಸ್ಯವನ್ನೂ ಮಗನ ಮುನಿಸನ್ನೂ ಎಲ್ಲರೂ ನಂಬುತ್ತಾರೆ. ಆ ನಂಬಿಕೆಯ ಸಾಲದ ಮೇಲೆಯೇ ಮುಂದಿನ ಅಸಂಭವವೆಲ್ಲ ನಡೆಯುತ್ತದೆ.

ನಂಬಿದ ಮೇಲೆ ಆ ಜನರು ಹೇಗೆ ಬದಲಾಗುತ್ತಾರೆಂಬುದನ್ನು ನೋಡಬೇಕು. ಸ್ಕೈಯನ್ನು ಹೊರಗೆ ನೂಕಬೇಕೆಂಬ ಮಾತು ಹುಟ್ಟುತ್ತದೆ. ಕೂಡದೆಂದು ಡಾಕ್ಟರನು ತಡೆಯುತ್ತಾನೆ. ತಡೆಯುವ ನೀನು ಯಾರೆಂದು ಕೇಳುತ್ತಾರೆ. ಜಾನ್ ಸ್ಮಿತ್ ಎನ್ನುತ್ತಾನೆ, ಇಂಗ್ಲಿಷರಲ್ಲಿ ಅದು ತೀರ ಸಾಮಾನ್ಯವಾದ ಹೆಸರು, ಯಾರೂ ನಂಬುವುದಿಲ್ಲ. ನಿನ್ನ ಮಾತನ್ನೇಕೆ ಕೇಳಬೇಕೆಂದರೆ, ತಾನು ಜಾಣನೆಂದು ಉತ್ತರಿಸುತ್ತಾನೆ. ಉಳಿದ ಕಥೆಗಳಲ್ಲಿ ನೋಡುವವರು ಮೆಚ್ಚಿ ನಕ್ಕ ಗರ್ವವೇ ಇಲ್ಲಿ ಅವನ ಕೊರಳಿಗೆ ಉರುಳಾಗುತ್ತದೆ. ಅವನ ಪರವಾಗಿ ಸಾಕ್ಷಿ ಹೇಳಲು ಡಾನಳು ಹತ್ತಿರವಿಲ್ಲ. ಮುಂದಿನ ವಾರದ ಭಾಗವಾದ ‘ಟರ್ನ್ ಲೆಫ್ಟ್’ ಎಂಬುದರಲ್ಲಿ ಆ ನಟಿಗೆ ಪ್ರಧಾನಪಾತ್ರವಿದ್ದು, ಎರಡೂ ಏಕಕಾಲದಲ್ಲಿ ತಯಾರಾದುವಾದ್ದರಿಂದ ಈ ಅನುಪಸ್ಥಿತಿ ಒದಗಿತು. ಚಿತ್ರೀಕರಣದ ಅನುಕೂಲಕ್ಕಾಗಿ ಮಾಡಿದುದು ಕಾವ್ಯಕ್ಕೆ ಅಲಂಕಾರವಾಯಿತು. ಬಡತನದ ಮನೆಯ ಅಡುಗೆಗೆ ಕೆಲವು ಸಲ ಹೆಚ್ಚಿನ ರುಚಿ ಬರುವಂತೆ. ನೋಡುತ್ತಿರುವವನಿಗೆ ಡಾಕ್ಟರನು ಸಾಧುವೆಂದು ಗೊತ್ತು, ಒಳಗಿದ್ದವರಿಗೆ ಗೊತ್ತಿಲ್ಲ. ಅವರ ಸ್ಥಾನದಲ್ಲಿ ತಾನಿದ್ದರೆ ಏನು ಮಾಡುತ್ತಿದ್ದೆನೆಂಬ ಪ್ರಶ್ನೆಯಿಂದ ಪ್ರಾಮಾಣಿಕನಾದ ಸಹೃದಯನು ತಪ್ಪಿಸಿಕೊಳ್ಳಲಾರನು. ಜೆತ್ರೋವಿನಂತಹ ಬುದ್ಧಿವಂತ ಹುಡುಗನೂ ತಂದೆಯ ಗದರಿಕೆಗೆ ಸೋತು, ಡಾಕ್ಟರನ ಕಾಲುಹಿಡಿದು ಬಾಗಿಲಿಗೆ ಎಳೆಯಲು ನೆರವಾಗುವ ದೃಶ್ಯವು ಯಾವ ಪಿಶಾಚಕ್ಕಿಂತಲೂ ಭಯಂಕರವಾದುದು.

ಪಾತ್ರಗಳಲ್ಲಿ ಕುಂದು ಇಲ್ಲವೆಂದಲ್ಲ. ಪ್ರಾಧ್ಯಾಪಕನು ಒಣಪಾಂಡಿತ್ಯದ ಪ್ರತಿಮೆಯಾಗಿಯೇ ಉಳಿದಿದ್ದಾನೆ. ಶಿಷ್ಯೆಯ ಮಾತನ್ನು ಹೊಸಕಿಹಾಕುವುದೊಂದೇ ಅವನ ಕಸುಬು. ಓದಿದವರನ್ನು ಹೀಗೆ ಚಿತ್ರಿಸುವುದು ನಾಟಕಕಾರರಿಗೆ ಹಳೆಯ ಚಾಳಿ. ಹಿನ್ನೆಲೆಯ ವಾದ್ಯಘೋಷವು ಅಲ್ಲಲ್ಲಿ ಮಾತಿಗೆ ಸಿಕ್ಕಬೇಕಾದ ಮೌನವನ್ನು ಕಸಿದುಕೊಳ್ಳುತ್ತದೆ.

ಇಷ್ಟಾದರೂ ಪರಿಚಾರಿಕೆಯ ಪಾತ್ರವೊಂದೇ ಈ ಕೊರತೆಗಳನ್ನೆಲ್ಲ ತುಂಬಿಕೊಡುತ್ತದೆ. ಭಯವೆಂಬ ಭಾವವು ಸ್ತ್ರೀಯರಿಗೂ ನೀಚಪ್ರಕೃತಿಯವರಿಗೂ ಸೇರಿದುದೆಂದು ಭರತನ ಮತ. ಉತ್ತಮಪ್ರಕೃತಿಯವರು ಹೆದರಿದರೆ ಅದು ಗುರುವಿನ ಅಥವಾ ರಾಜನ ಮುಂದೆ ತೋರಿಸುವ ಕೃತಕಭಯ. ಈ ನಾಟಕವು ಮುನಿಯ ಮಾತನ್ನು ತಲೆಕೆಳಗು ಮಾಡಿದೆ. ಉತ್ತಮನಾಯಕನು ನೆಲಕ್ಕೆ ಬಿದ್ದು, ಬಿಳಿಚಿದ ಮುಖದಿಂದ, ಕಣ್ಣೀರು ತುಂಬಿ, ಪರರ ಮಾತನ್ನು ತೊದಲುತ್ತಿರುವಾಗ, ತಿಂಡಿಯ ತಟ್ಟೆ ಹಂಚುತ್ತಿದ್ದ ಹೆಂಗಸೇ ನಿಜವನ್ನು ಗುರುತಿಸುತ್ತಾಳೆ. ಡಾಕ್ಟರನಿಗೇ ವಿಶಿಷ್ಟವಾದ ಉದ್ಗಾರಗಳು ಸ್ಕೈಯ ಬಾಯಿಂದ ಹೊರಟುವು. ಕದ್ದವನು ಒಡವೆಯನ್ನು ತೊಟ್ಟುಕೊಂಡು ಸಂತೆಗೆ ಬಂದಂತಾಯಿತು. ಪರಿಚಾರಿಕೆಯು ಅದನ್ನು ಕೇಳಿದೊಡನೆ ಸ್ಕೈಯನ್ನು ಅಪ್ಪಿಹಿಡಿದು, ಹೊರಬಾಗಿಲನ್ನು ತೆರೆದು, ಒಂದರಿಂದ ಆರರವರೆಗೆ ಎಣಿಸಿ, ಆಕೆಯೊಡನೆ ತಾನೂ ಆ ಬೆಳಕಿಗೆ ಆಹುತಿಯಾಗುತ್ತಾಳೆ. ಬಾಗಿಲು ತೆರೆದರೂ ಒಳಗಿನ ಗಾಳಿಯು ಆರು ಸೆಕೆಂಡುಗಳ ಕಾಲ ನಿಲ್ಲುವುದೆಂದು ಡೀಡೀ ಹಿಂದೆಯೇ ಹೇಳಿದ್ದಳು. ಎಣಿಕೆಯ ಅರ್ಥವು ಅಲ್ಲಿದ್ದವರಿಗೆಲ್ಲ ಗೊತ್ತು.

ಇಲ್ಲೊಂದು ಸಂಗತಿಯನ್ನು ಅವಸರದ ಪ್ರೇಕ್ಷಕರು ಮರೆಯುತ್ತಾರೆ. ಸ್ಕೈಯನ್ನು ಹೊರಗೆ ನೂಕಬೇಕೆಂದು ಎಲ್ಲರಿಗಿಂತ ಮೊದಲು ಬಾಯಿಬಿಟ್ಟವಳು ಇದೇ ಪರಿಚಾರಿಕೆ. ಡೇವೀಸರು ಆಕೆಯನ್ನು ನಿರ್ದೋಷಿಯಾದ ದೇವತೆಯನ್ನಾಗಿ ಮಾಡಿಲ್ಲ. ಕೊಲ್ಲಬೇಕೆಂದ ಬಾಯಿಯೂ ಪ್ರಾಣ ಕೊಟ್ಟ ಕೈಯೂ ಒಂದೇ ದೇಹದ್ದು. ಆಗ ಪರರನ್ನು ನೂಕುವ ಮಾತಾಡಿದ್ದಳು. ಈಗ ತಾನೂ ಜೊತೆಗೆ ಹೋದಳು. ನಡುವೆ ಆದದ್ದೇನು? ನಾಟಕವು ಹೇಳುವುದಿಲ್ಲ, ರೇಕಿ ಅಯೋಲಾ ಎಂಬ ನಟಿಯ ಮುಖವನ್ನು ನೋಡಿ ಊಹಿಸಿಕೊಳ್ಳಬೇಕು. ವಾಚ್ಯವಾಗಿ ಹೇಳದೆ ಬಿಟ್ಟ ಈ ಒಂದು ಎಡೆಯಲ್ಲಿ ಧ್ವನಿಕಾವ್ಯದ ಲಕ್ಷಣವು ಕಾಣುತ್ತದೆ. ಅದಕ್ಕೆದುರಾಗಿ, ಅಪಾಯ ಕಳೆದ ಮರುಗಳಿಗೆಯಲ್ಲಿಯೇ ವ್ಯಾಲ್ ಎಂಬ ಗೃಹಿಣಿಯು ಸ್ಕೈಯೇ ಅಪರಾಧಿಯೆಂದು ತಾನು ಮೊದಲಿಂದಲೂ ಹೇಳುತ್ತಿದ್ದೆನಲ್ಲವೆ ಎನ್ನುತ್ತಾಳೆ. ಡಾಕ್ಟರನು ಆಕೆಯ ಕಡೆ ಒಮ್ಮೆ ನೋಡುತ್ತಾನೆ, ಉತ್ತರ ಕೊಡುವುದಿಲ್ಲ.

ರಕ್ಷಣೆಯ ವಾಹನವು ಬರುವವರೆಗೆ ಎಲ್ಲರೂ ತಲೆತಗ್ಗಿಸಿ ಕುಳಿತಿರುತ್ತಾರೆ. ಪರಿಚಾರಿಕೆಯ ಹೆಸರೇನೆಂದು ಡಾಕ್ಟರನು ಕೇಳುತ್ತಾನೆ. ಯಾರಿಗೂ ಗೊತ್ತಿಲ್ಲ. ಹೆಸರಿಲ್ಲದ ಶತ್ರುವಿನಿಂದ ಹೆಸರಿಲ್ಲದವಳು ಬಿಡಿಸಿದಳು. ಹೆಸರು ಹೇಳದವನು ಅದನ್ನು ಕೇಳಿದನು. ಬಳಿಕ ವಿಲಾಸಮಂದಿರದಲ್ಲಿ ಡಾನಳು ಎದುರಿಗೆ ಬರುತ್ತಾಳೆ. ಡಾಕ್ಟರನು ಎಂದಿನ ತನ್ನ ಇಟಾಲಿಯನ್ ನುಡಿಯೊಂದನ್ನು ಕುಗ್ಗಿದ ದನಿಯಲ್ಲಿ ಹೇಳುತ್ತಾನೆ. ಅವನನ್ನು ನಗಿಸಲೆಂದು ಡಾನಳು ಅದೇ ಮಾತನ್ನು ಹಿಂದಿನಿಂದ ಹೇಳುತ್ತಾಳೆ. ಹಾಗೆ ಮಾಡಬೇಡವೆಂದು ಅವನು ಬೇಡಿಕೊಳ್ಳುತ್ತಾನೆ.