ಮದುವೆಯ ದಿನದ ಪಾಪನಿವೇದನೆ

ಅಶ್ಕೆನಾಜಿ ಯಹೂದಿಗಳಲ್ಲಿ ಸಂಪ್ರದಾಯಸ್ಥ ವಧೂವರರು ಮದುವೆಯ ದಿನ ಶಾಸ್ತ್ರ ಮುಗಿಯುವ ತನಕ ಉಪವಾಸವಿರುತ್ತಾರೆ. ಮಧ್ಯಾಹ್ನದ ‘ಮಿನ್ಹಾ’ ಪ್ರಾರ್ಥನೆಯಲ್ಲಿ, ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್‌ನಲ್ಲಿ ಹೇಳುವ ಪಾಪನಿವೇದನೆಯನ್ನೇ ಹೇಳಿಕೊಳ್ಳುತ್ತಾರೆ. ಎಷ್ಟೋ ಕಡೆ ವರ ತೊಡುವುದು ‘ಕಿಟ್ಟೆಲ್’ ಎಂಬ ಬಿಳಿ ನಿಲುವಂಗಿ. ಯೋಮ್ ಕಿಪ್ಪುರ್‌ಗೂ ಅದೇ ಅಂಗಿ, ಸತ್ತಾಗ ಹೆಣಕ್ಕೆ ತೊಡಿಸುವುದೂ ಅಂಥದ್ದೇ ಬಿಳಿ ಬಟ್ಟೆ.

ಸಂಭ್ರಮದ ದಿನ ಇದೆಲ್ಲ ಯಾಕೆ?

ಮೂವರ ಪಾಪಗಳು ಮನ್ನಾ ಆಗುತ್ತವೆ ಎನ್ನುತ್ತದೆ ಯಹೂದಿ ಧರ್ಮಗ್ರಂಥ ಜೆರುಸಲೇಮ್ ತಾಲ್ಮುದ್‌ನ ‘ಬಿಕ್ಕುರಿಮ್’ ಭಾಗ: ಹೊಸದಾಗಿ ನೇಮಕಗೊಂಡ ಧರ್ಮಪಂಡಿತ, ನಾಯಕನ ಪದವಿಗೆ ಏರಿದವನು, ಮದುಮಗ. ಮದುಮಗನಿಗೆ ಅದು ಕೊಡುವ ಆಧಾರ ಯಾವ ಸಾಧುವಿನದೂ ಅಲ್ಲ, ಇಷ್ಮಾಯೇಲನ ಮಗಳ ಕೈಹಿಡಿದ ಏಸಾವನದು! ಯಹೂದಿ ಪರಂಪರೆಯಲ್ಲಿ ಆತನಿಗೆ ಅಂಥ ಒಳ್ಳೆಯ ಹೆಸರೇನೂ ಇಲ್ಲ. ಪದವಿಗೆ ಉದಾಹರಣೆ ಸೌಲ. ಅವನು ಅರಸನಾದಾಗ ಒಂದು ವರ್ಷದವನು ಎಂದು ಸಮುವೇಲನ ಮೊದಲ ಗ್ರಂಥದ ಹೀಬ್ರೂ ಪಾಠದಲ್ಲಿದೆ. ಇಲ್ಲಿ ಅಂಕಿಯೊಂದು ಬಿಟ್ಟುಹೋಗಿದೆ ಎಂಬುದು ಇಂದಿನ ಅನೇಕ ವಿದ್ವಾಂಸರ ಊಹೆ. ರಬ್ಬಿಗಳಿಗೆ ಕಂಡದ್ದು ಬೇರೆ: ಅರಸ ಅಂದು ವರ್ಷದ ಕೂಸಿನಷ್ಟೇ ಪಾಪರಹಿತ.

ಮೂವರಲ್ಲಿ ಯಾರೂ ಘೋರ ತಪಸ್ಸು ಮಾಡಿದವರಲ್ಲ. ಹೊಸ ಹೊಣೆಗೆ ಹೆಗಲು ಕೊಟ್ಟವರು, ಅಷ್ಟೆ. ಈ ಮನ್ನಾ ಒಂದು ಬಗೆಯ ಮುಂಗಡ. ಮುಂಗಡ ಪಡೆದವನು ಗೆಲ್ಲಲೇಬೇಕೆಂದಿಲ್ಲ. ಶತ್ರುಗಳಾದ ಅಮಾಲೇಕ್ಯರ ಪ್ರಸಂಗದಲ್ಲಿ ದೇವರ ಆಜ್ಞೆ ಮೀರಿದ ಸೌಲ ರಾಜ್ಯವನ್ನೇ ಕಳೆದುಕೊಂಡ.

16ನೇ ಶತಮಾನದಲ್ಲಿ ಕ್ರಾಕೋವ್‌ನ ರಬ್ಬಿ ಮೋಶೆ ಇಸ್ಸರ್ಲೆಸ್, ‘ಶುಲ್ಹಾನ್ ಆರೂಖ್’ ಧರ್ಮಸಂಹಿತೆಗೆ ಬರೆದ ಟಿಪ್ಪಣಿಯಲ್ಲಿ ವಧೂವರರ ಈ ಉಪವಾಸವನ್ನು ದಾಖಲಿಸಿದರು. ಹನುಕ್ಕಾ, ಪೂರಿಮ್ ಹಬ್ಬಗಳಲ್ಲಿ ಮದುವೆಯಾದರೆ ಉಪವಾಸವಿಲ್ಲ. ಸೆಫಾರ್ದಿ ಸಮುದಾಯಗಳಲ್ಲಿ ಹಲವಕ್ಕೆ ಈ ರೂಢಿಯೇ ಇಲ್ಲ.

ಹಾಗಾದರೆ ಮದುವೆಯಾದರೆ ಸಾಕು, ಹಳೆಯದೆಲ್ಲ ಚುಕ್ತಾ ಎನ್ನಬಹುದೇ? ಯಹೂದಿ ನಿಯಮಗಳ ಪ್ರಾಚೀನ ಸಂಗ್ರಹ ಮಿಶ್ನಾದ ‘ಯೋಮಾ’ ಭಾಗ ಇಲ್ಲಿ ಕಟ್ಟುನಿಟ್ಟು. ದೇವರಿಗೆ ಸಂಬಂಧಿಸಿದ ತಪ್ಪುಗಳಿಗೆ ಯೋಮ್ ಕಿಪ್ಪುರ್ ಪರಿಹಾರ ಕೊಡುತ್ತದೆ; ಇನ್ನೊಬ್ಬ ಮನುಷ್ಯನಿಗೆ ಮಾಡಿದ ತಪ್ಪಿಗೆ, ಅವನನ್ನು ಸಮಾಧಾನಪಡಿಸುವ ತನಕ ಪರಿಹಾರವಿಲ್ಲ. ವರ್ಷದ ಅತಿ ಪವಿತ್ರ ದಿನಕ್ಕೇ ಈ ಮಿತಿಯಿರುವಾಗ ಮದುವೆಯ ದಿನಕ್ಕೆ ರಿಯಾಯಿತಿ ಎಲ್ಲಿಂದ ಬರಬೇಕು? ಮದುಮಗ ನೆರೆಯವನಿಂದ ತಂದ ಸಾಲವನ್ನು ಬಿಡಿಗಾಸು ಉಳಿಸದೆ ತೀರಿಸಲೇಬೇಕು.